ಬಿಗ್ ಬೇರ್ ಹದ್ದಿನ ಗೂಡಿನ ಲೈವ್ ಕ್ಯಾಮೆರಾ: ನಾಲ್ಕು ಋತು ನೋಡಿದ ಮೇಲೆ

ನಮ್ಮ ನಡುಮನೆಯ ಕಪಾಟಿನ ಮೇಲೆ ಒಂದು ಹಳೆಯ ಟ್ಯಾಬ್ ಇದೆ. 2022ರ ಏಪ್ರಿಲ್‌ನಿಂದ ಅದರಲ್ಲಿ ಬೇರೇನೂ ಓಡಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ, ಬಿಗ್ ಬೇರ್ ಸರೋವರದ ಹತ್ತಿರ ಒಂದು ಜೆಫ್ರಿ ಪೈನ್ ಮರ. ನೆಲದಿಂದ ಸುಮಾರು 145 ಅಡಿ ಮೇಲೆ ಅದರ ತುದಿಯಲ್ಲಿ ಹದ್ದಿನ ಗೂಡು. ಆ ಗೂಡನ್ನು ಹಗಲೂ ರಾತ್ರಿ ತೋರಿಸುವ ಕ್ಯಾಮೆರಾದ ನೇರ ಪ್ರಸಾರ ಅದು. ಮಂಡಿ ಆಪರೇಷನ್ ಆಗಿ ಮಲಗಿದ್ದ ಅಮ್ಮನಿಗೆ ಹೊತ್ತು ಹೋಗಲಿ ಅಂತ ಹಾಕಿಕೊಟ್ಟಿದ್ದೆ. ಅಮ್ಮ ಎದ್ದು ಓಡಾಡುವಂತಾಗಿ ವರ್ಷಗಳೇ ಆದವು, ಟ್ಯಾಬ್ ಮಾತ್ರ ಅಲ್ಲಿಂದ ಕದಲಿಲ್ಲ.

ಫ್ರೆಂಡ್ಸ್ ಆಫ್ ಬಿಗ್ ಬೇರ್ ವ್ಯಾಲಿ ಎಂಬ ಅಲ್ಲಿನ ಸಂಸ್ಥೆ 2015ರಲ್ಲಿ ಈ ಕ್ಯಾಮೆರಾ ಹಾಕಿಸಿತು. ನೋಡಲು ಕಾಸಿಲ್ಲ, ಚಂದಾ ಇಲ್ಲ, ಇಷ್ಟವಿದ್ದವರು ದೇಣಿಗೆ ಕೊಡಬಹುದು. ಕ್ಯಾಮೆರಾ ನಡೆಯುವುದು ಸೌರವಿದ್ಯುತ್ತಿನಿಂದ. ಗೂಡಿನ ಮೇಲೇ ಇರುವ ಒಂದಲ್ಲದೆ, ಮರವನ್ನೂ ಹಿಂದಿನ ಸರೋವರವನ್ನೂ ದೂರದಿಂದ ತೋರಿಸುವ ಇನ್ನೊಂದೂ ಇದೆ. ಗೂಡಿನಲ್ಲಿರುವ ಬಾಲ್ಡ್ ಈಗಲ್ ಜೋಡಿಯ ಹೆಸರು ಜಾಕಿ ಮತ್ತು ಶ್ಯಾಡೋ. ಜಾಕಿ 2012ರಲ್ಲಿ ಅದೇ ಕಣಿವೆಯಲ್ಲಿ ಹುಟ್ಟಿದವಳು. ಶ್ಯಾಡೋ 2018ರಲ್ಲಿ ಎಲ್ಲಿಂದಲೋ ಬಂದು, ಅವಳ ಜೊತೆಗಿದ್ದ ಗಂಡನ್ನು ಓಡಿಸಿ, ನೆರಳಿನ ಹಾಗೆ ಬೆನ್ನು ಬಿಡದೆ ಉಳಿದುಕೊಂಡವನು. ಹೆಸರು ಬಂದದ್ದೂ ಅದರಿಂದಲೇ. ಇಬ್ಬರಲ್ಲಿ ಗಾತ್ರಕ್ಕೆ ದೊಡ್ಡವಳು ಜಾಕಿ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು.

ಬಾಲ್ಡ್ ಈಗಲ್ ಅನ್ನು ಕನ್ನಡದಲ್ಲಿ ಬೋಳುತಲೆ ಹದ್ದು ಎಂದು ಬರೆಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ತಲೆ ತುಂಬ ಒತ್ತಾದ ಬಿಳಿ ಗರಿ ಇರುವ ಹಕ್ಕಿಗೆ ಬೋಳು ಅನ್ನುವುದು ಹೇಗೆ? ಇಂಗ್ಲಿಷಿನ ಆ ಪದಕ್ಕೆ ಹಿಂದೆ ಬಿಳುಪು ಎಂಬ ಅರ್ಥವೂ ಇತ್ತು. ಬಿಳಿತಲೆ ಹದ್ದು ಅಂದರೆ ಸಾಕು. ಅಮ್ಮ ಮೊದಲ ದಿನ ನೋಡಿ, "ಇದು ನಮ್ಮ ಗರುಡನೇ ಅಲ್ವೇನೇ?" ಅಂದಿದ್ದಳು. ನಮ್ಮ ಗರುಡನಿಗೂ ತಲೆ ಬಿಳುಪು, ಆದರೆ ಎದೆಯೂ ಬಿಳುಪು, ರೆಕ್ಕೆ ಇಟ್ಟಿಗೆ ಬಣ್ಣ, ಗಾತ್ರದಲ್ಲಿ ಬಹಳ ಸಣ್ಣದು. ಇದು ರೆಕ್ಕೆ ಬಿಚ್ಚಿದರೆ ಆರೇಳು ಅಡಿ. ಇದಕ್ಕೆ ಹತ್ತಿರದ ನೆಂಟ ನಮ್ಮಲ್ಲಿ ಬೇಕೆಂದರೆ ಕರಾವಳಿಗೆ ಹೋಗಬೇಕು. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು ಅದು.

ಇಲ್ಲಿಂದ ನೋಡುವವರು ಮೊದಲು ಗಡಿಯಾರದ ಲೆಕ್ಕ ತಿಳಿದಿರಬೇಕು. ಚಳಿಗಾಲದಲ್ಲಿ ಅವರಿಗಿಂತ ನಾವು ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ತಿರುಗಿಸಿದ ಮೇಲೆ ಹನ್ನೆರಡೂವರೆ. ಅಂದರೆ ಜನವರಿಯಲ್ಲಿ ಅಲ್ಲಿ ಬೆಳಕು ಹರಿಯುವಾಗ ನಮಗೆ ರಾತ್ರಿ ಎಂಟು ದಾಟಿರುತ್ತದೆ. ನಮ್ಮ ಹಗಲೆಲ್ಲ ಅವರ ರಾತ್ರಿ. ಹಕ್ಕಿಯ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ, ಕತ್ತು ಹಿಂದಕ್ಕೆ ತಿರುಗಿಸಿ ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಮಲಗಿದ ಜಾಕಿ, ಗಾಳಿಯ ಸದ್ದು. ಅಡುಗೆ ಮಾಡುತ್ತ, ಬಟ್ಟೆ ಮಡಿಸುತ್ತ ನಾನು ನೋಡುವುದು ಇದನ್ನೇ. ಕೆಲವು ರಾತ್ರಿ ಹಾರುವ ಅಳಿಲು ಗೂಡಿಗೆ ಬಂದು ಕಡ್ಡಿಗಳ ನಡುವೆ ಓಡಾಡಿ ಹೋಗುತ್ತದೆ. ಅದಕ್ಕೂ ಫಿಯೋನಾ ಎಂದು ಹೆಸರಿಟ್ಟಿದ್ದಾರೆ. ಮಲೆನಾಡಿನ ಹಾರುಬೆಕ್ಕು ಕಂಡವರಿಗೆ ಅದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾಗಿ ಕಾಣುತ್ತದೆ. ಊಟ ಮುಗಿಸಿ ಕೂತರೆ ಬಣ್ಣದ ಚಿತ್ರ ಶುರು: ಪಾಳಿ ಬದಲಾವಣೆ, ಮೀನು, ಕಡ್ಡಿ ಜಗಳ. ತಡವಾಗಿ ಕೂತರೂ ಹಿಂದಕ್ಕೆಳೆದು ನೋಡಬಹುದು.

ಕಡ್ಡಿ ಜಗಳದ ವಿಷಯ ಸ್ವಲ್ಪ ಹೇಳಬೇಕು. ಶ್ಯಾಡೋ ತನ್ನ ಮೈಗಿಂತ ಉದ್ದದ ಕೊಂಬೆಗಳನ್ನು ಹೊತ್ತು ತರುತ್ತಾನೆ. ಕಾವಿಗೆ ಕೂತ ಜಾಕಿಯ ತಲೆಯ ಮೇಲೆ ಹಾಯಿಸಿ ಆಚೆ ಬದಿಗೆ ಇಡಲು ನೋಡುತ್ತಾನೆ. ಅವಳು ಕೊಕ್ಕಿನಲ್ಲಿ ಹಿಡಿದು ತನಗೆ ಬೇಕಾದ ಕಡೆ ಎಳೆಯುತ್ತಾಳೆ. ಅವಳು ಅತ್ತ ಹಾರಿದ ಮೇಲೆ ಇವನು ಮತ್ತೆ ಮೊದಲಿದ್ದಲ್ಲಿಗೇ ಇಡುತ್ತಾನೆ. ಕಾವಿನ ಪಾಳಿಗೂ ಹೀಗೆಯೇ. ಅವಳು ಬಂದು ಪಕ್ಕದಲ್ಲಿ ನಿಂತರೂ ಅವನು ಏಳುವುದಿಲ್ಲ, ಎಷ್ಟೋ ಸಲ ಅವಳು ಅವನ ಮೇಲೆಯೇ ಕೂರಲು ಹೋಗಿ ಎಬ್ಬಿಸಿದ್ದಾಳೆ. ಇದನ್ನು ಒಂದು ನಿಮಿಷದ ತುಣುಕಾಗಿ ಫೋನಿನಲ್ಲಿ ನೋಡಿದರೆ ಮುದ್ದಾಗಿ ಕಾಣುತ್ತದೆ. ನಲವತ್ತು ನಿಮಿಷ ಅವನು ಏಳದೆ ಕೂತದ್ದನ್ನು ನೀವೂ ಕೂತು ನೋಡಿದರೆ, ಆ ಮೊಟ್ಟೆ ಬಿಟ್ಟು ಏಳಲು ಅವನಿಗೆ ಎಷ್ಟು ಮನಸ್ಸಿಲ್ಲ ಎಂದು ಗೊತ್ತಾಗುತ್ತದೆ. ಈ ಕ್ಯಾಮೆರಾಗೆ ನಾನು ಬೆಲೆ ಕೊಡುವುದು ಅದಕ್ಕೇ. ಇದು ಏನನ್ನೂ ಕತ್ತರಿಸುವುದಿಲ್ಲ.

ನಾವು ಶುರು ಮಾಡಿದ 2022 ಒಳ್ಳೆಯ ವರ್ಷ. ಮಾರ್ಚ್ 3ರಂದು ಹುಟ್ಟಿದ ಸ್ಪಿರಿಟ್ ಎಂಬ ಒಂದೇ ಮರಿ ನಮ್ಮ ಕಣ್ಣೆದುರು ಬೆಳೆದು ಹಾರಿಹೋಯಿತು. ಹೀಗೇ ಪ್ರತಿವರ್ಷ ಆಗುತ್ತದೆ ಎಂದುಕೊಂಡೆ.

2023ರಲ್ಲಿ ಎರಡು ಮೊಟ್ಟೆ. ಮರಿ ಬರಬೇಕಾದ ದಿನ ದಾಟಿತು, ಬಿರುಕು ಕಾಣಲಿಲ್ಲ. ದಿನ ಹೋದಂತೆ ಜೋಡಿ ಕಾವಿಗೆ ಕೂರುವುದು ಕಡಿಮೆಯಾಯಿತು. ಕೊನೆಗೆ ರೇವನ್ ಎಂಬ ದೊಡ್ಡ ಕಾಗೆ ಬಂದು ಮೊಟ್ಟೆ ಕುಕ್ಕಿತು. 2024ರಲ್ಲಿ ಜನವರಿ 25, 28, 31ರಂದು ಮೂರು ಮೊಟ್ಟೆ. ಫೆಬ್ರವರಿಯ ಹಿಮದ ಬಿರುಗಾಳಿಯಲ್ಲಿ ಜಾಕಿ ಹತ್ತಿರ ಹತ್ತಿರ 62 ಗಂಟೆ ಗೂಡು ಬಿಟ್ಟು ಹೋಗಲಿಲ್ಲ. ಬೆನ್ನ ಮೇಲೆ ಹಿಮ ಪೇರಿಸಿಕೊಳ್ಳುತ್ತಿತ್ತು, ಅವಳು ಆಗಾಗ ಮೈ ಕೊಡವಿ ಮತ್ತೆ ಮುದುಡಿ ಕೂರುತ್ತಿದ್ದಳು. ಬೆಳಗ್ಗೆ ಕಾಫಿ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಅಮ್ಮ ಕೇಳುತ್ತಿದ್ದಳು, "ಇನ್ನೂ ಎದ್ದಿಲ್ವಾ ಅದು?" ಮೂರು ದಿನ ಅದೇ ಪ್ರಶ್ನೆ.

ಆ ಮೂರೂ ಮೊಟ್ಟೆ ಮರಿಯಾಗಲಿಲ್ಲ.

ಅಮ್ಮ ತೀರ್ಥಹಳ್ಳಿ ಕಡೆಯವಳು, ನಾಟಿ ಕೋಳಿ ಸಾಕಿದವಳು. ಲೆಕ್ಕದ ದಿನ ಕಳೆದು ವಾರವಾದಾಗಲೇ, "ಅದು ಏಳೋ ಮೊಟ್ಟೆ ಅಲ್ಲ ಕಣೇ" ಅಂದುಬಿಟ್ಟಳು. ನನಗೆ ಸಿಟ್ಟು ಬಂತು. ಶ್ಯಾಡೋ ಮಾತ್ರ ಮಾರ್ಚ್ ಪೂರ್ತಿ ಬಂದು ಬಂದು ಕಾವಿಗೆ ಕೂತ. ಯಾಕೆ ಹೀಗಾಯಿತು ಎಂದು ಕ್ಯಾಮೆರಾ ಹೇಳಲಾರದು, ಅದಕ್ಕೆ ಕಾಣುವುದು ಚಿಪ್ಪಿನ ಹೊರಗಿನದು ಮಾತ್ರ. ಸಮುದ್ರಮಟ್ಟಕ್ಕಿಂತ ಸುಮಾರು 7,000 ಅಡಿ ಮೇಲಿನ ಗೂಡಿನಲ್ಲಿ, ನಡುಚಳಿಗಾಲದಲ್ಲಿ ಮೊಟ್ಟೆ ಇಡುವುದೆಂದರೆ ಸುಲಭವಲ್ಲ ಎಂದಷ್ಟೇ ನನಗೆ ಅರ್ಥವಾದದ್ದು. ಆ ದಿನಗಳಲ್ಲಿ ಕೂತು ಈ ಹಕ್ಕಿಯ ಚರಿತ್ರೆ ಓದಿದೆ. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಇವುಗಳ ಮೈ ಸೇರಿ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತಂತೆ. 1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲೆಲ್ಲ ಲೆಕ್ಕಕ್ಕೆ ಸಿಕ್ಕಿದ್ದು 417 ಜೋಡಿ. 1972ರಲ್ಲಿ ಡಿಡಿಟಿ ನಿಷೇಧವಾಯಿತು, 2007ರಲ್ಲಿ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು. ಈಗ ಗೂಡು ಕಟ್ಟುವ ಜೋಡಿಗಳೇ 70,000 ದಾಟಿವೆ ಎಂದು ಅಲ್ಲಿನ ಸರ್ಕಾರದ ಅಂದಾಜು. ಬರಿದಾದ ಗೂಡಿನ ಮುಂದೆ ಕೂತು ಇದನ್ನು ಓದಿದ್ದಕ್ಕೆ 417 ಎಂಬ ಅಂಕಿ ನನಗೆ ಮರೆಯುವುದಿಲ್ಲ.

ಇನ್ನು 2025. ಜನವರಿ 22, 25, 28ರಂದು ಮತ್ತೆ ಮೂರು ಮೊಟ್ಟೆ. ಮಾರ್ಚ್ ಶುರುವಾಗುವಾಗ ಹತ್ತಾರು ಸಾವಿರ ಜನ ಒಟ್ಟಿಗೆ ಕಾದಿದ್ದರು. ಮಾರ್ಚ್ 3ರ ರಾತ್ರಿ ಅಲ್ಲಿ ಹನ್ನೊಂದೂವರೆ ಸುಮಾರಿಗೆ ಮೊದಲ ಮರಿ ಹೊರಬಂತು. ನಮಗೆ ಮಾರ್ಚ್ 4ರ ಮಧ್ಯಾಹ್ನ ಒಂದು ಗಂಟೆ. ಅದೇ ಹೊತ್ತಿಗೆ ನಮ್ಮ ಬೀದಿಯ ಇಂಟರ್ನೆಟ್ ಲೈನ್ ನಿಂತಿತು. ಫೋನಿನಿಂದ ನೆಟ್ ಕೊಟ್ಟು, ಕಲಸಿದ ಅನ್ನದ ತಟ್ಟೆ ಪಕ್ಕಕ್ಕಿಟ್ಟು ನೋಡಿದೆವು. ಜಾಕಿ ಸ್ವಲ್ಪ ಎದ್ದಾಗ ಕಂಡದ್ದು ಒದ್ದೆಯಾದ ಒಂದು ಬೂದು ಮುದ್ದೆ, ಅಷ್ಟೇ. ಅಮ್ಮ ಕೈಮುಗಿದಳು. ನಾಲ್ಕೂವರೆಗೆ, ಅಂದರೆ ನಮ್ಮ ಸಂಜೆ ಆರಕ್ಕೆ, ಎರಡನೆಯದು. ಮೂರನೆಯದು ಮಾರ್ಚ್ 8ಕ್ಕೆ.

ಮೂರು ಮರಿಗೂ ಗುಟುಕು ಕೊಡುವುದನ್ನು ನೋಡಲು ಸಿಕ್ಕಿದ್ದು ಐದಾರು ದಿನ. ಮೀನನ್ನು ಕಾಲಲ್ಲಿ ಅದುಮಿ, ಉಗುರಿನಷ್ಟು ಚೂರು ಕಿತ್ತು, ಕೊಕ್ಕನ್ನು ಓರೆಮಾಡಿ ಮರಿಯ ಬಾಯಿಗಿಡುತ್ತಾರೆ. ಅಷ್ಟು ದೊಡ್ಡ ಕೊಕ್ಕು ಅಷ್ಟು ಮೆಲ್ಲಗೆ. ಕೆಲವು ದಿನ ಸರೋವರದ ನಾಮದ ಕೋಳಿ ಎಂಬ ನೀರುಹಕ್ಕಿಯೂ ಊಟಕ್ಕೆ ಬರುತ್ತಿತ್ತು. ದೊಡ್ಡ ಮರಿಗಳು ಚಿಕ್ಕದರ ತಲೆಗೆ ಕುಕ್ಕುತ್ತಿದ್ದವು. ಅವುಗಳ ಹೊಟ್ಟೆ ತುಂಬಿ ಒರಗಿದ ಮೇಲೆ ಚಿಕ್ಕದು ತಲೆಯೆತ್ತುತ್ತಿತ್ತು, ಆಗ ಅದಕ್ಕೂ ಸಿಗುತ್ತಿತ್ತು.

ಮಾರ್ಚ್ 13ರ ರಾತ್ರಿ ಅಲ್ಲಿ ದೊಡ್ಡ ಹಿಮಪಾತ. ನಮಗೆ 14ರ ಹಗಲು. ಜಾಕಿಯ ಬಿಳಿತಲೆ ಎಲ್ಲಿ, ಹಿಮ ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಲೆನ್ಸಿನ ಮೇಲೂ ಹಿಮ ಕೂತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಗಾಯಿತು. ಗುಟುಕಿಗೆ ಎದ್ದ ತಲೆ ಎರಡೇ. ನಾನು ಹಿಂದಕ್ಕೆಳೆದು, ಮುಂದಕ್ಕೆಳೆದು ಎಷ್ಟು ಸಲ ಎಣಿಸಿದೆನೋ. ಮೂರನೆಯದು ಹೋಗಿಬಿಟ್ಟಿತ್ತು. ಸಂಸ್ಥೆಯವರು ಆಮೇಲೆ ಅದಕ್ಕೆ ಮಿಸ್ಟಿ ಎಂದು ಹೆಸರಿಟ್ಟರು.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ಮೊದಲೇ ಯೋಚಿಸಿ. ನನ್ನ ತಂಗಿಯ ಮಗಳಿಗೆ ಏಳು ವರ್ಷ. "ಯಾರೂ ಹೋಗಿ ಯಾಕೆ ಎತ್ಕೊಳ್ಳಲಿಲ್ಲ ದೊಡ್ಡಮ್ಮ?" ಎಂದು ಅತ್ತಳು. ಕಾಡಿನ ಗೂಡಿಗೆ ಮನುಷ್ಯ ಕೈ ಹಾಕುವುದಿಲ್ಲ, ಗೂಡು ಕಟ್ಟುವ ಕಾಲದಲ್ಲಿ ಅರಣ್ಯ ಇಲಾಖೆಯವರು ಆ ಮರದ ಸುತ್ತಮುತ್ತ ಜನರನ್ನೇ ಬಿಡುವುದಿಲ್ಲ, ಯಾರಾದರೂ ಹತ್ತಿದರೆ ಬೆದರಿದ ತಾಯಿ ಉಳಿದೆರಡನ್ನೂ ಚಳಿಗೆ ಬಿಟ್ಟು ಹಾರಬಹುದು ಎಂದೆಲ್ಲ ವಿವರಿಸಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಮರುದಿನ ಸಂಜೆ ಬಂದು ಟ್ಯಾಬ್ ಮುಂದೆ ಕೂತಳು.

ಉಳಿದೆರಡಕ್ಕೆ ಸನ್ನಿ, ಗಿಜ್ಮೋ ಎಂದು ಹೆಸರು ಆರಿಸಿದ್ದು ಬಿಗ್ ಬೇರ್‌ನ ಶಾಲಾಮಕ್ಕಳು. ಏಪ್ರಿಲ್‌ನಲ್ಲಿ ಬೂದು ತುಪ್ಪಳ ಹೋಗಿ ಕಪ್ಪು ಗರಿ ಬಂತು. ಮೇ ತಿಂಗಳಲ್ಲಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುವುದು, ಒಂದಡಿ ಮೇಲೇಳುವುದು, ಬಿದ್ದು ಅಕ್ಕಪಕ್ಕ ನೋಡುವುದು. ಜೂನ್ 2ರ ಬೆಳಗ್ಗೆ ಸನ್ನಿ ಹಾರಿತು. ನಮಗದು ರಾತ್ರಿ, ಅಮ್ಮನನ್ನು ಎಬ್ಬಿಸಿದೆ. ಗಿಜ್ಮೋ ಇನ್ನೂ ಕೆಲವು ದಿನ ಕೊಂಬೆ ಬಿಡದೆ ಕೂತಿತ್ತು, ತಿಂಗಳ ನಡುವಿನಲ್ಲಿ ಅದೂ ಹೋಯಿತು. ಅವುಗಳ ತಲೆ ಬೆಳ್ಳಗಾಗಲು ಐದು ವರ್ಷ ಬೇಕು. ಅಷ್ಟರಲ್ಲಿ ಅವು ಎಲ್ಲಿರುತ್ತವೋ, ಈ ಕ್ಯಾಮೆರಾಗೆ ಕಾಣುವುದಿಲ್ಲ. ನನಗೆ ಇದರಲ್ಲಿ ದೊಡ್ಡ ಕೊರತೆ ಎನಿಸಿದ್ದು ಅದೊಂದೇ, ಅದು ಯಾರ ತಪ್ಪೂ ಅಲ್ಲ.

ಬಳಸುವವರಿಗೆ ಇನ್ನೆರಡು ಮಾತು. ಚಿತ್ರದ ಗುಣಮಟ್ಟ 480ಕ್ಕೆ ಇಳಿಸಿಕೊಂಡರೆ ಸಾಮಾನ್ಯ ಲೈನಿನಲ್ಲೂ ತಡವರಿಸದೆ ಬರುತ್ತದೆ. ಮೊಟ್ಟೆ ಒಡೆಯುವ ದಿನಗಳಲ್ಲಿ ಮಾತ್ರ ಪೂರ್ತಿ ಏರಿಸಿ. ಪಕ್ಕದಲ್ಲಿ ಓಡುವ ಮಾತುಕತೆಯನ್ನು ಆ ದಿನಗಳಲ್ಲಿ ಮುಚ್ಚಿಡುವುದೇ ವಾಸಿ. ಸ್ವಯಂಸೇವಕರು ಬರೆಯುವ ದಿನದ ವರದಿ ಇಂಗ್ಲಿಷಿನಲ್ಲಿದ್ದರೂ ಸರಳವಾಗಿದೆ, ಅದನ್ನು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನಗೆ ರೂಢಿಯಾಗಿದೆ. ವಾಟ್ಸಾಪ್‌ನಲ್ಲಿ ಬರುವ ಚಿತ್ರಗಳನ್ನು ನಂಬಬೇಡಿ. ಹಿಮದಲ್ಲಿ ಎರಡೂ ಹದ್ದುಗಳು ರೆಕ್ಕೆ ಸೇರಿಸಿ ಮರಿಗಳನ್ನು ಅಪ್ಪಿಕೊಂಡ ಚಿತ್ರ ನಮ್ಮ ಕುಟುಂಬದ ಗುಂಪಿಗೇ ಮೂರು ಸಲ ಬಂತು, ಕಂಪ್ಯೂಟರ್ ಬರೆದದ್ದು. ಈ ಎರಡು ಕ್ಯಾಮೆರಾಗಳು ಇರುವ ಜಾಗ ಬದಲಾಗುವುದಿಲ್ಲ. ಅಲ್ಲಿಂದ ಕಾಣದ ಕೋನದ ಚಿತ್ರ ಯಾರು ಕಳಿಸಿದರೂ ಅದು ಈ ಕ್ಯಾಮೆರಾದ್ದಲ್ಲ.

ಹೊಸದಾಗಿ ನೋಡಲು ಶುರು ಮಾಡುವವರು ಮಾರ್ಚ್‌ಗೆ ಕಾಯಬೇಡಿ. ಈ ಜೋಡಿ ವರ್ಷವಿಡೀ ಆ ಕಣಿವೆಯಲ್ಲೇ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಟ್ಯಾಬ್‌ನಲ್ಲಿ ಬರೀ ಖಾಲಿ ಗೂಡು, ಗಾಳಿಗೆ ತೂಗುವ ಪೈನ್ ಸೂಜಿಗಳು, ಹಿಂದೆ ನೀಲಿ ಸರೋವರ. ಶರತ್ಕಾಲ ಬಂದರೆ ಮತ್ತೆ ಕಡ್ಡಿ ತರಲು ಶುರು. ಕಳೆದ ಸಲ ಒಂದು ಬೆಳಗ್ಗೆ ನಾನು ಹೂ ಬಿಡಿಸುತ್ತಿದ್ದಾಗ ಒಳಗಿನಿಂದ ಅಮ್ಮ ಕೂಗಿದಳು, "ಬಾರೇ ಇಲ್ಲಿ, ಕತ್ತಲಾಗ್ತಾ ಬಂದ್ರೂ ಇವನು ಇನ್ನೊಂದು ಕೊಂಬೆ ಹೊತ್ಕೊಂಡು ಬಂದಿದಾನೆ, ಎಲ್ಲಿ ಇಡ್ತಾನೋ ನೋಡು."