ಒಂದೇ ಮಳೆ, ಮೂರು ಕಿವಿ

ಕಳೆದ ಮಳೆಗಾಲದಲ್ಲಿ ಮಾಡಿದ ನಾಲ್ಕು ಟ್ರ್ಯಾಕುಗಳ ಸಂಕಲನವನ್ನು ಈ ವಾರ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತದ ಜಾಲತಾಣಕ್ಕೆ ಏರಿಸಿದೆ. ಕೇಳಿದವರಲ್ಲಿ ಮೂವರದು ಒಂದೇ ಪ್ರಶ್ನೆ: ಮೊದಲ ಟ್ರ್ಯಾಕಿನ ಡೋಲಿನಂಥ ಸದ್ದು ಯಾವ ಸಿಂಥಸೈಸರಿನದು? ಯಾವುದರದ್ದೂ ಅಲ್ಲ. ನಮ್ಮ ಬಚ್ಚಲುಮನೆಯ ಹಿಂದೆ ಬೋರಲು ಹಾಕಿದ್ದ ತಾಮ್ರದ ಹಂಡೆಯ ಮೇಲೆ ಸೂರಿನ ನೀರು ಬಿದ್ದ ಸದ್ದು ಅದು. ತಾಳ, ಶ್ರುತಿ, ಹಿನ್ನೆಲೆ ಹೆಚ್ಚುಕಡಿಮೆ ಎಲ್ಲವೂ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆ, ತೋಟಗಳವೇ. ಲ್ಯಾಪ್‌ಟಾಪಿನಲ್ಲಿ ಅವನ್ನು ಕತ್ತರಿಸಿ, ಹಿಗ್ಗಿಸಿ, ಪೋಣಿಸಿದ್ದಷ್ಟೇ ನನ್ನ ಕೆಲಸ. ಹಾಗಾಗಿ ಸಿಂಥಸೈಸರುಗಳ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಸದ್ದು ಹಿಡಿಯುವ ಮೂರು ಸಾಧನಗಳನ್ನು ಜೂನಿನಿಂದ ಸೆಪ್ಟೆಂಬರಿನವರೆಗೆ ಒಂದೇ ಮಳೆಯಲ್ಲಿ ನೆನೆಸಿದ್ದೇನೆ. ಅದರ ಲೆಕ್ಕ ಬೇಕಾದರೆ ಒಪ್ಪಿಸುತ್ತೇನೆ.

ಒಂದು, ಜೇಬಿನಲ್ಲಿರುವ ಫೋನು. ಇನ್ನೊಂದು, 13,000 ರೂಪಾಯಿ ಕೊಟ್ಟು ತಂದ ಅಂಗೈಯಗಲದ ಸ್ಟೀರಿಯೊ ರೆಕಾರ್ಡರ್. ಮತ್ತೊಂದು, ಶಿವಮೊಗ್ಗದ ದುರ್ಗಿಗುಡಿಯಲ್ಲಿ 30 ರೂಪಾಯಿಗೆ ಸಿಕ್ಕಿದ, ನಡುಕವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆ. ಹಳೆಯ ಎರಡು ರೂಪಾಯಿ ನಾಣ್ಯದಷ್ಟೇ ಅಗಲ, ನಡುವೆ ಬಿಳಿಯ ಲೇಪ.

"ಮಳೆ ಹಿಡಿಯುವುದಕ್ಕೆ ದುಡ್ಡು ಕೊಟ್ಟೆಯಾ? ಬಾಗಿಲು ತೆಗೆದರೆ ಪುಕ್ಕಟೆ ಬರುತ್ತದಲ್ಲ" ಎಂದರು ಅಪ್ಪ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಿನಲ್ಲಿ ಅಡಿಕೆ ಬೆಳೆಯುವವರಿಗೆ ಮಳೆ ಎಂದರೆ ಮೊದಲು ನೆನಪಾಗುವುದು ಕೊಳೆ ರೋಗ, ಸಂಗೀತವಲ್ಲ. 1948ರಲ್ಲೇ ಪ್ಯಾರಿಸ್ ರೇಡಿಯೊದಲ್ಲಿ ಪಿಯೇರ್ ಶೆಫರ್ ಎಂಬಾತ ರೈಲಿನ ಸದ್ದುಗಳನ್ನು ತಟ್ಟೆಗಳ ಮೇಲೆ ಕೊರೆದು, ಅವನ್ನೇ ಜೋಡಿಸಿ ಸಂಗೀತ ಮಾಡಿದ ಕಥೆ ಹೇಳಿದೆ. ಅಪ್ಪನ ಮಟ್ಟಿಗೆ 1948 ಎಂದರೆ ಜೋಗದ ವಿದ್ಯುದಾಗಾರ ಶುರುವಾದ ವರ್ಷ. "ಅವರು ನೀರಿನಿಂದ ಕರೆಂಟು ತೆಗೆದರು. ನೀನು ಕರೆಂಟಿನಿಂದ ನೀರಿನ ಸದ್ದು ತೆಗೆ" ಎಂದು ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಲು ಎದ್ದುಹೋದರು.

ಮೊದಲು ಫೋನಿನ ವಿಚಾರ. ಜಗಲಿಯಲ್ಲಿ ಕುಳಿತು, ಧೋ ಎಂದು ಸುರಿಯುತ್ತಿದ್ದ ಮಳೆಯತ್ತ ಫೋನು ಚಾಚಿ ಐದು ನಿಮಿಷ ಹಿಡಿದೆ. ಒಳಗೆ ಬಂದು ಕೇಳಿದರೆ ಮೊದಲ ಎರಡು ಸೆಕೆಂಡು ಮಳೆಯಿತ್ತು. ಆಮೇಲೆ ಯಾರೋ ಮಳೆಗೆ ಕಂಬಳಿ ಹೊದಿಸಿದಂತೆ ಕುಗ್ಗುತ್ತ ಹೋಯಿತು. ಕೊನೆಗೆ ಉಳಿದದ್ದು ನನ್ನ ಕೆಮ್ಮು, ದೂರದ ನಾಯಿ. ತಪ್ಪು ಫೋನಿನದಲ್ಲ. ಅದು ಇರುವುದು ಮಾತಿಗಾಗಿ. ಒಂದೇ ಸಮನೆ ಬರುವ ಸದ್ದು ಯಾವುದೇ ಇರಲಿ, ಅದನ್ನು ಗದ್ದಲವೆಂದು ಗುರುತಿಸಿ ಅಳಿಸುವಂತೆ ಅದಕ್ಕೆ ಕಲಿಸಿದ್ದಾರೆ. ನಮ್ಮ ಕಡೆ ಮೂರು ತಿಂಗಳು ಒಂದೇ ಸಮನೆ ಬರುವುದು ಏನೆಂದು ಅದಕ್ಕೆ ಯಾರೂ ಹೇಳಿಲ್ಲ. ಈ ಸಂಸ್ಕರಣೆಯನ್ನು ಬದಿಗಿಟ್ಟು ಕಚ್ಚಾ ಸದ್ದನ್ನೇ ಕೊಡುವ ದಾರಿ ಆಂಡ್ರಾಯ್ಡಿನಲ್ಲಿ 7.0ನೆಯ ಆವೃತ್ತಿಯಿಂದ ಇದೆ. ಆದರೆ ಎಲ್ಲ ಫೋನುಗಳೂ ಅದಕ್ಕೆ ಒಗ್ಗುವುದಿಲ್ಲ. ನನ್ನದು ಒಗ್ಗಿತು, ಬೇರೆ ಆ್ಯಪ್ ಹಾಕಿಕೊಂಡ ಮೇಲೆ.

ಹೀಗಿದ್ದೂ ಸಂಕಲನದ ಮೂರನೆಯ ಟ್ರ್ಯಾಕು ಪೂರ್ತಿ ಫೋನಿನದೇ, ಅದೂ ಹಳೆಯ ಆ್ಯಪ್‌ನಲ್ಲಿ ಹಿಡಿದದ್ದು. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಹದಿನಾಲ್ಕು ತಿರುವುಗಳನ್ನು ಹತ್ತುತ್ತಿತ್ತು. ನಾನು ಚಾಲಕರ ಹಿಂದಿನ ಸೀಟಿನಲ್ಲಿದ್ದೆ. ವೈಪರಿನ ರಬ್ಬರು ಸವೆದುಹೋಗಿ ಗಾಜಿನ ಮೇಲೆ ಕ್ರೀಂಯ್ ಎಂದು ಹೋಗುವುದು, ಟುಪ್ ಎಂದು ಮರಳುವುದು, ನಿಮಿಷಕ್ಕೆ ನಲವತ್ತನಾಲ್ಕು ಸಲ. ರೆಕಾರ್ಡರ್ ಮನೆಯಲ್ಲಿತ್ತು, ಜೇಬಿನಲ್ಲಿದ್ದದ್ದು ಫೋನು. ಇಲ್ಲಿ ಫೋನಿನ ದಡ್ಡತನವೇ ಕೈಹಿಡಿಯಿತು. ಎಂಜಿನ್ನಿನ ಗೊರಗೊರ, ಹೊರಗಿನ ಮಳೆ ಎರಡನ್ನೂ ಗದ್ದಲವೆಂದು ಗುಡಿಸಿಹಾಕಿ, ಬಂದು ಬಂದು ಹೋಗುವ ವೈಪರನ್ನು ಮಾತ್ರ ಉಳಿಸಿತು. ನಾನೇ ಕುಳಿತು ಸೋಸಿದ್ದರೂ ಅಷ್ಟು ಚೊಕ್ಕಟವಾಗುತ್ತಿರಲಿಲ್ಲ. ಹೋಗುವಾಗೊಂದು, ಮರಳುವಾಗೊಂದು ಏಟೆಂದು ಟ್ರ್ಯಾಕಿನ ಲಯವನ್ನು ನಿಮಿಷಕ್ಕೆ 88ಕ್ಕೆ ಇಟ್ಟೆ, ಉಳಿದದ್ದನ್ನು ವೈಪರೇ ನೋಡಿಕೊಂಡಿತು.

ರೆಕಾರ್ಡರಿನ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಹೇಳಿದ ಕೆಲಸ ಮಾಡುತ್ತದೆ. ಅಡ್ಡಡ್ಡ ಕೂರಿಸಿದ ಎರಡು ಮೈಕುಗಳಿರುವುದರಿಂದ ಮಳೆ ಎಡಗಡೆಯ ತೋಟದಿಂದ ಎದ್ದು ಮಾಡಿನ ಮೇಲೆ ಹಾದು ಬಲಗಡೆಯ ಗದ್ದೆಗೆ ಇಳಿಯುವುದು ಕಿವಿಗೆ ಕಾಣುತ್ತದೆ. ಜಿಟಿಜಿಟಿ ಮಳೆಗೆ ಮಟ್ಟ ಹೊಂದಿಸಿಟ್ಟು ಒಳಗೆ ಹೋದರೆ, ಕಾಫಿ ಕುಡಿದು ಬರುವಷ್ಟರಲ್ಲಿ ಜಡಿಮಳೆಯಾಗಿ ಸದ್ದೆಲ್ಲ ಹರಿದುಹೋಗಿರುತ್ತದೆ. ಸದ್ದನ್ನು ಹೆಚ್ಚು ಸೂಕ್ಷ್ಮವಾಗಿ ಅಳೆಯುವ 24 ಬಿಟ್‌ನಲ್ಲಿ ಹಿಡಿಯುವಾಗ ಮಟ್ಟವನ್ನು ಧಾರಾಳವಾಗಿ ತಗ್ಗಿಸಿಡಬಹುದು, ಆಮೇಲೆ ಏರಿಸಿದರೂ ಹಾಳಾಗುವುದಿಲ್ಲ ಎಂದು ತಿಳಿಯಲು ನನಗೆ ಒಂದು ಪುನರ್ವಸು ಮಳೆ ಪೂರ್ತಿ ಬೇಕಾಯಿತು. ಇನ್ನೊಂದು ಅನುಕೂಲ ಮರಗಪ್ಪೆಯಿಂದ ಗೊತ್ತಾಯಿತು. ಅದರ ಟಕ್ ಟಕ್ ಅನ್ನು ನಾಲ್ಕು ಪಟ್ಟು ನಿಧಾನಿಸಿದರೆ ಕಟ್ಟಿಗೆ ಒಡೆದಂತಾಗುತ್ತದೆ. ಆದರೆ 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ಅಳೆದು ಹಿಡಿದದ್ದಾದರೆ, ಅದರಲ್ಲಿ ಸಿಗುವ ಸದ್ದಿನ ಮೇಲಿನ ಮಿತಿ ಅದರ ಅರ್ಧ, 24 ಕಿಲೋಹರ್ಟ್ಸ್; ನಿಧಾನಿಸಿದಾಗ ಅದು 6ಕ್ಕೆ ಇಳಿದು ಸದ್ದು ಮಂಕಾಗುತ್ತದೆ. 96ರಲ್ಲಿ ಹಿಡಿದಾಗ ಮೈಕಿಗೆ ಕೇಳಿದಷ್ಟು ಹೊಳಪು ಉಳಿಯುತ್ತದೆ.

ಕಷ್ಟವೆಲ್ಲ ತೇವದ್ದು. ಗಾಳಿ ತಡೆಯಲು ಮೈಕಿಗೆ ಹಾಕುವ ತುಪ್ಪಳದ ಟೊಪ್ಪಿಗೆಗೆ ಜುಲೈ ಮುಗಿಯುವ ಮೊದಲೇ ಬೂಷ್ಟು ಹಿಡಿಯಿತು. ಅಮ್ಮ ಅದನ್ನು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರು. ಬೂಷ್ಟು ಹೋಯಿತು. ಈಗ ರೆಕಾರ್ಡರ್ ತೆಗೆದಾಗಲೆಲ್ಲ ಹಲಸಿನ ಹಪ್ಪಳ ಸುಟ್ಟ ವಾಸನೆ.

ಇನ್ನು ಬಿಲ್ಲೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳಾದ ಕ್ಯೂರಿ ಸೋದರರು ಕಂಡದ್ದು 1880ರಲ್ಲಿ. ಗಡಿಯಾರದ ಅಲಾರಮ್ಮಿನಲ್ಲಿ ಕಿರುಚುವ ಬಿಲ್ಲೆ ಇದೇ. ಅಲ್ಲಿ ಕರೆಂಟು ಕೊಟ್ಟರೆ ನಡುಗುತ್ತದೆ, ಇಲ್ಲಿ ನಡುಗಿಸಿದರೆ ಕರೆಂಟು ಕೊಡುತ್ತದೆ. ಬಿಳಿಯ ಭಾಗಕ್ಕೆ ಒಂದು, ಹಿತ್ತಾಳೆಯ ಅಂಚಿಗೆ ಒಂದು ತಂತಿ ಬೆಸೆಯಬೇಕು. ಬೆಸುಗೆಯ ಕಡ್ಡಿಯನ್ನು ಬಿಳಿಯ ಭಾಗದ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ಲೇಪ ಎದ್ದುಬರುತ್ತದೆ. ನನ್ನ ಮೊದಲ ಎರಡು ಬಿಲ್ಲೆ ಹೋದದ್ದು ಹಾಗೆ. ನೀರು ತಾಗದಂತೆ ತಂಗಿಯ ಉಗುರುಬಣ್ಣವನ್ನು ಮೂರು ಸಲ ಬಳಿದು, ಮೇಲೆ ಇನ್ಸುಲೇಶನ್ ಟೇಪು ಸುತ್ತಿದೆ.

ಇಲ್ಲೊಂದು ಮೋಸ ಒಪ್ಪಿಕೊಳ್ಳಬೇಕು. 30 ರೂಪಾಯಿಯ ಬಿಲ್ಲೆ ತಾನಾಗಿ ಏನನ್ನೂ ಬರೆದಿಡುವುದಿಲ್ಲ, ಅದನ್ನು ಚುಚ್ಚಲು ಆಡಿಯೊ ಇಂಟರ್‌ಫೇಸ್ ಎಂಬ, ಸದ್ದನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆ ಬೇಕು, ಅದೂ ಸರಿಯಾದ ತೂತಿಗೆ. 27 ಮಿಲಿಮೀಟರ್ ಬಿಲ್ಲೆಯ ಧಾರಕತೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ, ಸುಮಾರು 20 ನ್ಯಾನೊಫ್ಯಾರಡ್. 10,000 ಓಮ್ ವಿದ್ಯುತ್ ತಡೆಯಿರುವ ತೂತಿಗೆ ಚುಚ್ಚಿದರೆ ಸುಮಾರು 800 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಸೊರಗಿ, ಹಂಡೆಯ ಧುಂ ಎನ್ನುವುದು ತಗಡಿನ ಡಬ್ಬಿಯಂತೆ ಕೇಳುತ್ತದೆ. ಗಿಟಾರಿಗೆಂದು ಇರುವ 10 ಲಕ್ಷ ಓಮ್‌ನ ತೂತಿಗೆ ಚುಚ್ಚಿದರೆ ಆ ಗಡಿ 8 ಹರ್ಟ್ಸ್‌ಗೆ ಇಳಿದು, ಹಂಡೆ ಹಂಡೆಯಾಗುತ್ತದೆ. ಬಿಲ್ಲೆ ಕೆಟ್ಟದೆಂದು ಎಸೆದವರಲ್ಲಿ ಅರ್ಧ ಜನ ತಪ್ಪು ತೂತಿಗೆ ಚುಚ್ಚಿದವರು ಎಂಬುದು ನನ್ನ ಗುಮಾನಿ.

ಪುಷ್ಯ ಮಳೆಯ ಒಂದು ಮಧ್ಯಾಹ್ನ ಮೂರನ್ನೂ ಹಿತ್ತಲಲ್ಲಿ ಒಟ್ಟಿಗೆ ಹೂಡಿದೆ. ರೆಕಾರ್ಡರಿನಲ್ಲಿ ಸಿಕ್ಕಿದ್ದು ಒಂದೇ ದೊಡ್ಡ ಸೋ. ಚೆಂದವೇ, ಆದರೆ ಅದರೊಳಗಿನಿಂದ ಏನನ್ನೂ ಬಿಡಿಸಿ ತೆಗೆಯಲಾಗದು. ಬಿಲ್ಲೆಯನ್ನು ಒಂದೊಂದಕ್ಕೇ ಅಂಟಿಸುತ್ತ ಹೋದೆ. ಬಿದ್ದಿದ್ದ ಅಡಿಕೆ ಹಾಳೆಗೆ ಅಂಟಿಸಿದಾಗ ಒಣ ಮದ್ದಳೆಯ ನುಡಿ. ಕೆಸುವಿನ ದಂಟಿಗೆ ಕಟ್ಟಿದಾಗ, ಎಲೆಯ ಮೇಲೆ ಮುತ್ತಾಗಿ ನಿಂತ ನೀರು ತೂಕ ತಾಳಲಾರದೆ ಜಾರಿದ ಕ್ಷಣ ಸಣ್ಣದೊಂದು ನಿಟ್ಟುಸಿರು. ತೋಟದ ತಂತಿಬೇಲಿಗೆ ಸಿಕ್ಕಿಸಿದಾಗ ನೂರು ಅಡಿ ಆಚೆ ಬಿದ್ದ ಹನಿಯೂ ಝುಂಯ್ ಎಂದು ಹರಿದುಬಂತು. ಮಳೆಗೆ ಸ್ವಂತ ದನಿಯೇ ಇಲ್ಲವೆಂದು ಆ ಮಧ್ಯಾಹ್ನ ಅನ್ನಿಸಿತು. ನಾವು ಕೇಳುವುದು ಹೆಂಚನ್ನು, ಹಾಳೆಯನ್ನು, ತಗಡನ್ನು. ರೆಕಾರ್ಡರ್ ಇಡೀ ಸಂತೆಯನ್ನು ಕೇಳುತ್ತದೆ, ಬಿಲ್ಲೆ ಒಬ್ಬನನ್ನು ಪಕ್ಕಕ್ಕೆ ಕರೆದು ಮಾತಾಡಿಸುತ್ತದೆ. ಬಿಡಿ ಸದ್ದುಗಳಿಂದ ಕಟ್ಟುವ ನನ್ನಂಥವನಿಗೆ ಬೇಕಾದದ್ದು ಎರಡನೆಯದು. ಹಂಡೆಯ ಏಟನ್ನು ಅರ್ಧ ವೇಗಕ್ಕೆ ಇಳಿಸಿದರೆ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ. ಆ ಡೋಲು ಅಷ್ಟೇ.

ಬಿಲ್ಲೆಯ ದೊಡ್ಡ ದೋಷ ಗುಂಯ್ ಎನ್ನುವ ಸದ್ದು, ಇಂಗ್ಲಿಷಿನ 'ಹಮ್'. ಅದರ ತಂತಿಗೆ ಕವಚವಿಲ್ಲ. ಮನೆಯ ವೈರಿಂಗಿನ 50 ಹರ್ಟ್ಸ್ ಅನ್ನು ಅದು ಆಂಟೆನಾದ ಹಾಗೆ ಹೀರುತ್ತದೆ. ವಾರಗಟ್ಟಲೆ ಅದನ್ನು ಸೋಸಲು ಹೆಣಗಿ, ಸೋತು, ಕೊನೆಗೆ ಅದನ್ನೇ ಶ್ರುತಿ ಮಾಡಿಕೊಂಡೆ. 50ರ ದುಪ್ಪಟ್ಟು 100 ನನ್ನ ಷಡ್ಜ. ಪಂಚಮ ಅದರ ಒಂದೂವರೆ ಪಟ್ಟು, 150. ಅದೂ ಹಮ್ಮಿನೊಳಗೇ ಮೂರನೆಯ ಅನುಸ್ವರವಾಗಿ ಕೂತಿರುತ್ತದೆ, ಮೀಟಿದ ತಂಬೂರಿಯಂತೆ. ಎರಡನೆಯ ಟ್ರ್ಯಾಕಿನ ಕೊನೆಯಲ್ಲಿ ಶ್ರುತಿ ಫಕ್ಕನೆ ನಿಂತುಹೋಗುವುದನ್ನು ಒಬ್ಬರು ದಿಟ್ಟ ಪ್ರಯೋಗ ಎಂದು ಹೊಗಳಿದ್ದಾರೆ. ಕರೆಂಟು ಹೋದದ್ದು ಅದು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿತ್ತು.

ಹಾಗಾದರೆ ಯಾವುದು? ಕೈಯಲ್ಲಿ ಆಡಿಯೊ ಇಂಟರ್‌ಫೇಸ್ ಇದ್ದವರು ಬೇರೇನನ್ನೂ ಕೊಳ್ಳುವ ಮೊದಲು ಐದು ಬಿಲ್ಲೆ ತನ್ನಿ, ಎರಡು ಹಾಳಾಗುತ್ತವೆ. ರೆಕಾರ್ಡರನ್ನು ನಾನು ಮಾರುವುದಿಲ್ಲ, ಆದರೆ ಹಿನ್ನೆಲೆಗೆ ಬೇಕಾದಾಗ ಮಾತ್ರ ಅಟ್ಟದಿಂದ ಇಳಿಸುತ್ತೇನೆ. ಫೋನಿಗೆ ಕಚ್ಚಾ ಸದ್ದಿನ ಆ್ಯಪ್ ಹಾಕಿಕೊಳ್ಳಿ, ಹಳೆಯದನ್ನೂ ತೆಗೆಯಬೇಡಿ.

ಸಂಕಲನ ಮುಗಿದ ರಾತ್ರಿ ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ನಾಲ್ಕನೆಯ ಟ್ರ್ಯಾಕು ಕೇಳಿಸಿದೆ. ಕೊಟ್ಟಿಗೆಯ ತಗಡಿಗೆ ಬಿಲ್ಲೆ ಅಂಟಿಸಿ ಹಿಡಿದ ಝೇಂಕಾರ ಅದರ ಜೀವ, ಹದಿನೈದು ದಿನ ಅದರ ಮೇಲೆ ಕೂತಿದ್ದೆ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು, "ಪಡುವಣ ಬದಿಯ ತಗಡು. ಮೊಳೆ ಸಡಿಲವಾಗಿದೆ" ಎಂದರು. ಬೆಳಿಗ್ಗೆ ಏಣಿ ಹಾಕಿ ಬಡಿದೂ ಬಿಟ್ಟರು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಬಿಲ್ಲೆ ಅಂಟಿಸಿ ನೋಡಿದೆ. ಟಪ್ ಟಪ್ ಎಂದಿತು, ಅಷ್ಟೇ.