ಜನರೇಟರ್ ಹಾಕಿಸಿರೋರು ಇವತ್ತೇ ನೋಡಿ, ಗೋಡೆ ಮೇಲಿರೋ ಚೇಂಜ್ ಓವರ್‌ಗೆ ವೈರೇ ಇಲ್ದೆ ಇರ್ಬಹುದು

ಮೈಸೂರಲ್ಲಿ ಮನೆಗೆ ಜನರೇಟರ್ ಹಾಕಿಸ್ಕೊಂಡಿರೋರು, ಹಾಕಿಸ್ಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ನಾನು ದುಡ್ಡು ಕೊಟ್ಟಿದ್ದು ಚೇಂಜ್ ಓವರ್ ಸ್ವಿಚ್‌ಗೆ, ಅಂದ್ರೆ ಕಂಬದ ಕರೆಂಟು, ಜನರೇಟರ್ ಕರೆಂಟು ಎರಡೂ ಒಟ್ಟಿಗೆ ಸೇರದ ಹಂಗೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸೋ ಸ್ವಿಚ್. ಬಿಲ್ಲಲ್ಲಿ ಬರೆದಿದೆ, ಚೇಂಜ್ ಓವರ್, ವೈರಿಂಗ್, ಅರ್ಥಿಂಗ್, ಫಿಟ್ಟಿಂಗ್ ಎಲ್ಲಾ ಸೇರಿ 9,500 ರೂಪಾಯಿ, ಜನರೇಟರ್ ದುಡ್ಡು ಬೇರೆ. ಗೋಡೆ ಮೇಲೆ ಡಬ್ಬ ಇದೆ, ಹ್ಯಾಂಡಲ್ ಇದೆ, ಟಕ್ ಅಂತ ತಿರುಗುತ್ತೆ. ಒಳಗೆ ಒಂದು ವೈರ್ ಇಲ್ಲ. ಖಾಲಿ. ಬರೀತಾ ಇದ್ರೆ ಈಗ್ಲೂ ಕೈ ನಡುಗುತ್ತೆ ನಂಗೆ.

ನಮ್ಮನೆ ಬೋಗಾದಿ ಕಡೆ. ಅಮ್ಮಂಗೆ ಶ್ವಾಸಕೋಶದ ತೊಂದ್ರೆ, ಆಕ್ಸಿಜನ್ ಕಾನ್ಸಂಟ್ರೇಟರ್ (ರೂಮಿನ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಮಷೀನ್) ಬೇಕೇ ಬೇಕು, 5 ಲೀಟರ್‌ದು, ಸುಮಾರು 350 ವ್ಯಾಟ್ ಎಳೆಯುತ್ತೆ, ಯುಪಿಎಸ್ ಎಷ್ಟೊತ್ತು ತಡೆಯುತ್ತೆ ಹೇಳಿ. ಏಪ್ರಿಲ್ ಮೇ ಮಳೆ ಗಾಳಿಗೆ ನಮ್ಮೂರಲ್ಲಿ ಏನಾಗುತ್ತೆ ಅಂತ ಎಲ್ರಿಗೂ ಗೊತ್ತು, ಗುಲ್‌ಮೊಹರ್ ಕೊಂಬೆ ಮುರಿದು ವೈರ್ ಮೇಲೆ ಬಿದ್ರೆ ಕರೆಂಟ್ ಯಾವಾಗ ಬರುತ್ತೋ ದೇವ್ರಿಗೇ ಗೊತ್ತು. ಅದಕ್ಕೇ 3 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡ್ವಿ. ಅಂಗಡಿಯವ್ರೇ ಫಿಟ್ಟಿಂಗ್‌ಗೆ ಹುಡುಗನ್ನ ಕಳಿಸಿದ್ರು.

ನಾನು ಆವತ್ತೇ ಕೇಳಿದ್ದೆ, ಇದು ಬರ್ದಿಟ್ಕೊಳ್ಳಿ. ಅವನು ಕೆಲಸ ಮುಗಿಸಿ ಹೆಂಗೆ ಬಳಸ್ಬೇಕು ಅಂತ ತೋರಿಸ್ದ. "ಕರೆಂಟ್ ಹೋದ್ರೆ ಫಸ್ಟು ಮೇನ್ ಎಂಸಿಬಿ ಇಳ್ಸಿ ಸಾರ್, ಆಮೇಲೆ ಈ ಹ್ಯಾಂಡಲ್ ಜನರೇಟರ್ ಕಡೆ ತಿರುಗ್ಸಿ, ಆಮೇಲೆ ಪ್ಲಗ್ ಚುಚ್ಚಿ ಸ್ಟಾರ್ಟ್ ಮಾಡಿ" ಅಂದ. ಮೇನ್ ಎಂಸಿಬಿ ಅಂದ್ರೆ ಇಡೀ ಮನೆ ಆಫ್ ಮಾಡೋ ಸ್ವಿಚ್. ಚೇಂಜ್ ಓವರ್ ಇದ್ಮೇಲೆ ಮೇನ್ ಯಾಕಪ್ಪಾ ಇಳಿಸ್ಬೇಕು ಅಂದೆ. "ಡಬಲ್ ಸೇಫ್ಟಿ ಸಾರ್" ಅಂದ. ಡಬಲ್ ಸೇಫ್ಟಿ! ಮುಖ ನೋಡ್ಕೊಂಡೇ ಹೇಳ್ದ. ಕರೆಂಟ್ ಬಂದ್ಮೇಲೆ ಪ್ಲಗ್ ತೆಗೆದು ಗೋಡೆ ಕೊಕ್ಕೆಗೆ ನೇತಾಕಿ, ನೀರು ತಾಗ್ಬಾರ್ದು ಅಂತಾನೂ ಹೇಳ್ದ. ನಾವು ಹೇಳಿದ್ ಹಂಗೇ ಮಾಡ್ಕೊಂಡು ಬಂದ್ವಿ.

ಮೊನ್ನೆ ಮಳೆಗೆ ನಮ್ಮ ರಸ್ತೆಯ ವೈರ್ ತುಂಡಾಯ್ತು. 1912ಕ್ಕೆ ಕಂಪ್ಲೇಂಟ್ ಕೊಟ್ಟು, ಜನರೇಟರ್ ಹಾಕಿ, ಅಮ್ಮನ ಮಷೀನ್ ಶುರು ಮಾಡಿ ಕೂತಿದ್ವಿ. ಸಂಜೆ ಕೆಇಬಿಯವ್ರು ಬಂದ್ರು (ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು, ನಮ್ಮ ಬಾಯಲ್ಲಿ ಇನ್ನೂ ಕೆಇಬೀನೇ). ಅದ್ರಲ್ಲಿ ಸ್ವಲ್ಪ ವಯಸ್ಸಾದ ಲೈನ್‌ಮನ್ ಒಬ್ರು ಕಂಬ ಹತ್ತೋಕೆ ಮುಂಚೆ ರಸ್ತೇಲಿ ಯಾರ ಮನೇಲಿ ಲೈಟ್ ಉರೀತಿದೆ ಅಂತ ನೋಡಿ ಸೀದಾ ನಮ್ಮನೆಗೆ ಬಂದ್ರು. ಜನರೇಟರ್ ಹೆಂಗೆ ಕೊಟ್ಟಿದೀರಾ ಸಾರ್ ಅಂದ್ರು. ಚೇಂಜ್ ಓವರ್ ಹಾಕ್ಸಿದೀವಿ ಸರ್, ಬನ್ನಿ ನೋಡಿ ಅಂತ ಧೈರ್ಯವಾಗೇ ಕರ್ಕೊಂಡು ಹೋದೆ.

ಅವ್ರು ಹ್ಯಾಂಡಲ್ ಹಿಡಿದು ಮಧ್ಯದ ಸೊನ್ನೆಗೆ ತಂದ್ರು.

ಲೈಟ್ ಆರಲಿಲ್ಲ. ಸೊನ್ನೆಗೆ ತಂದ್ರೆ ಕಂಬದ ಕಡೆಯಿಂದಾನೂ ಬರ್ಬಾರ್ದು, ಜನರೇಟರ್ ಕಡೆಯಿಂದಾನೂ ಬರ್ಬಾರ್ದು, ಮನೆ ಪೂರ್ತಿ ಕತ್ತಲೆ ಆಗ್ಬೇಕು. ಟ್ಯೂಬ್‌ಲೈಟ್ ಹಂಗೇ ಉರೀತಿದೆ, ಒಳಗೆ ಅಮ್ಮನ ಮಷೀನ್ ಸದ್ದು ಹಂಗೇ ಬರ್ತಿದೆ. ಮೇನ್ಸ್ ಕಡೆ ತಿರುಗಿಸಿದ್ರು, ಉರೀತಿದೆ. ಮತ್ತೆ ಸೊನ್ನೆ, ಉರೀತಿದೆ. ಅವ್ರು ನನ್ನ ಮುಖ ನೋಡಿದ್ರು, ನಂಗೆ ಮಾತೇ ಹೊರಡ್ಲಿಲ್ಲ, ಪಕ್ಕದ ಮನೆಯವ್ರೂ ಬಂದು ನಿಂತಿದ್ರು, ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅಮ್ಮನ ಮಷೀನ್‌ನ ಯುಪಿಎಸ್‌ಗೆ ಹಾಕಿ, ಜನರೇಟರ್ ನಿಲ್ಲಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಟ್ಟು ಡಬ್ಬದ ಮುಚ್ಚಳ ಬಿಚ್ಚಿದ್ರೆ, ಹಿತ್ತಾಳೆ ಟರ್ಮಿನಲ್‌ಗಳು ಹೊಸದಾಗಿ ಥಳಥಳ ಅಂತಿವೆ, ಒಂದು ಸ್ಕ್ರೂಗೂ ಸ್ಕ್ರೂಡ್ರೈವರ್ ತಾಗಿದ ಗುರುತಿಲ್ಲ. ಡಬ್ಬದ ಕೆಳಗಿಂದ ಒಂದು ಪೈಪ್ ಹಾಕಿದಾನೆ, ನೋಡೋರಿಗೆ ವೈರ್ ಹೋಗಿದೆ ಅಂತ ಕಾಣ್ಲಿ ಅಂತ. ಅದ್ರೊಳಗೂ ಏನಿಲ್ಲ. ಜನರೇಟರ್‌ನ ಅಸಲಿ ವೈರ್ ಎಲ್ಲಿದೆ ಅಂದ್ರೆ ಡಿಬಿ (ಮನೆಯ ಎಂಸಿಬಿಗಳಿರೋ ಬೋರ್ಡ್) ಒಳಗೆ, ಮೇನ್ ಎಂಸಿಬಿ ಕೆಳಗಡೆ ನೇರವಾಗಿ ತಿರುಚಿ ಕಪ್ಪು ಟೇಪ್ ಸುತ್ತಿದಾನೆ. ಅರ್ಥಿಂಗ್‌ದು ಹಸಿರು ವೈರ್ ಅರ್ಧಕ್ಕೇ ಕಟ್ ಮಾಡಿ ಬಿಟ್ಟಿದಾನೆ.

ಲೈನ್ ಸರಿ ಆಗಿ ಕರೆಂಟ್ ಬಂದ್ಮೇಲೆ ಅವ್ರು ಇನ್ನೊಂದು ತೋರಿಸಿದ್ರು. ಕೊಕ್ಕೆಗೆ ನೇತಾಕಿದ್ದ ಆ ಪ್ಲಗ್‌ನ ಪಿನ್‌ಗೆ ಟೆಸ್ಟರ್ ಇಟ್ರು. ಟೆಸ್ಟರ್ ಉರೀತು. ಅಂದ್ರೆ ದಿನಾ, ಕರೆಂಟ್ ಇದ್ದಷ್ಟು ಹೊತ್ತೂ, ಆ ಬರಿ ಪಿನ್ನಲ್ಲಿ 230 ವೋಲ್ಟ್. ಕೆಲಸದವ್ರು ಒದ್ದೆ ಬಟ್ಟೆ ಒಣಗಾಕೋ ಜಾಗ ಅದು. ನನ್ನ ಮಗ ಅಲ್ಲೇ ಸೈಕಲ್ ನಿಲ್ಲಿಸ್ತಾನೆ. ಆ ಪಿನ್ ಯಾರಾದ್ರೂ ಮುಟ್ಟಿದ್ರೆ?

ಇನ್ನು ಲೈನ್‌ಮನ್ ವಿಷಯ. ಆವತ್ತು ನನ್ನ ಹೆಂಡ್ತಿ ಮೇನ್ ಇಳಿಸಿದ್ಲು, ಅವ್ರ ಜೀವಕ್ಕೆ ಇದ್ದ ಕಾವಲು ಅದೊಂದೇ. ಕತ್ತಲಲ್ಲಿ ಯಾರೋ ಮರೆತಿದ್ರೆ, ಇಲ್ಲಾ ಮಧ್ಯದಲ್ಲಿ ಗೊತ್ತಿಲ್ದೆ ಎತ್ತಿದ್ರೆ, ನಮ್ಮ ಜನರೇಟರ್ ಕರೆಂಟ್ ಮೀಟರ್ ದಾಟಿ ಸರ್ವಿಸ್ ವೈರ್‌ಗೆ, ಅಲ್ಲಿಂದ ಕಂಬಕ್ಕೆ. ಟಿಸಿ (ಟ್ರಾನ್ಸ್‌ಫಾರ್ಮರ್) ತನಕ ಹೋದ್ರೆ ಇನ್ನೂ ಘೋರ. 11 ಸಾವಿರ ವೋಲ್ಟ್ ಲೈನಿಂದ ಮನೆಗೆ 230 ಮಾಡಿ ಕೊಡೋ ಟಿಸಿಗೆ ಈ ಕಡೆಯಿಂದ 230 ಕೊಟ್ರೆ ಅದು ಆ ಕಡೆಗೆ ಮತ್ತೆ ಸಾವಿರಾರು ವೋಲ್ಟ್ ಮಾಡಿ ಕಳಿಸುತ್ತೆ. ಫ್ಯೂಸ್ ತೆಗೆದಿದೀವಿ, ಲೈನ್ ಸತ್ತಿದೆ ಅಂತ ನಂಬಿ ಮೇಲೆ ಹತ್ತಿರೋರ ಗತಿ ಏನು. ಮೇನ್ ಮೇಲಿದ್ದಾಗ್ಲೇ ಕೆಇಬಿ ಕರೆಂಟ್ ವಾಪಸ್ ಬಂದ್ರೆ ಎರಡೂ ಗುದ್ದಾಡಿ ಆಲ್ಟರ್ನೇಟರ್ ಸುಟ್ಟೋಗುತ್ತೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್.

ಆ ಹುಡುಗಂಗೆ ಫೋನ್ ಮಾಡ್ದೆ. ಮೊದಲ ಉತ್ತರ, "ಲೈನ್‌ಮನ್ ಮಾತೆಲ್ಲಾ ಕೇಳ್ಬೇಡಿ ಸಾರ್, ಅವ್ರು ಹಂಗೇ ಹೆದ್ರಿಸ್ತಾರೆ." ಡಬ್ಬ ಖಾಲಿ ಇದೆ ಕಣಪ್ಪಾ, ನಾನೇ ನೋಡ್ದೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ. "ಎಲ್ಲಾ ಮನೇಗೂ ಹಿಂಗೇ ಮಾಡೋದು ಸಾರ್, ಯಾರ್‌ಗೂ ಏನೂ ಆಗಿಲ್ಲ" ಅಂದ. ಎಲ್ಲಾ ಮನೇಗೂ! ಅದಕ್ಕೇ ನಾನು ಇದನ್ನ ಬರೀತಿರೋದು. ಆಮೇಲೆ ನಂಗೇ ಪಾಠ, "ಚಿಕ್ಕ ಜನರೇಟರ್ ಸಾರ್, ಲೈನ್‌ಗೆ ಹೋದ್ರೆ ಇಡೀ ಬೀದಿ ಲೋಡ್ ಬಿದ್ದು ತಾನಾಗೇ ನಿಂತೋಯ್ತದೆ." ನಾನು ಆ ಲೈನ್‌ಮನ್‌ನ ಇದನ್ನೂ ಕೇಳ್ದೆ. ನಿಮ್ಮನೆಗೂ ಕಂಬಕ್ಕೂ ಮಧ್ಯೆ ವೈರ್ ತುಂಡಾಗಿದ್ರೆ ಬೀದಿ ಲೋಡ್ ಎಲ್ಲಿ ಬೀಳುತ್ತೆ, ಆ ತುಂಡು ವೈರಲ್ಲಿ ನಿಮ್ಮ ಜನರೇಟರ್ ಕರೆಂಟ್ ಆರಾಮಾಗಿ ನಿಂತಿರುತ್ತೆ, ನಾವು ಕೈ ಹಾಕೋದೂ ಅದಕ್ಕೇ ಅಂದ್ರು. ಇದಕ್ಕೆ ಏನ್ ಹೇಳ್ತೀಯಾ ಅಂತ ಹುಡುಗನ್ನ ಕೇಳಿದ್ರೆ, "ಸರಿ ಸಾರ್, ನೀವ್ ಹೇಳೋ ಹಂಗೆ ಮಾಡ್ಕೊಡ್ತೀನಿ, ಮೀಟರ್ ಬೋರ್ಡಿಂದ ವೈರ್ ಎಳೀಬೇಕು, ಎರಡೂವರೆ ಸಾವ್ರ ಎಕ್ಸ್‌ಟ್ರಾ ಆಯ್ತದೆ." ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ಅಂಗಡಿಗೆ ಹೋದೆ. "ನಾವು ಜನರೇಟರ್ ಮಾರೋರು ಸರ್, ಫಿಟ್ಟಿಂಗ್ ಹುಡುಗ ನಮ್ಮ ಸ್ಟಾಫ್ ಅಲ್ಲ." ಬಿಲ್ ನಿಮ್ದೇ ತಾನೆ, ಸೀಲ್ ನಿಮ್ದೇ ತಾನೆ ಅಂದ್ರೆ "ಜನರೇಟರ್ ಚೆನ್ನಾಗಿ ಓಡ್ತಿದೆ ಅಲ್ವಾ ಸರ್, ಮತ್ತೇನು" ಅಂತಾರೆ. ಜನರೇಟರ್ ಓಡ್ತಿರೋದೇ ಭಯ ಸ್ವಾಮಿ!

ಸರಿಯಾಗಿ ಹೆಂಗಿರ್ಬೇಕು ಅಂದ್ರೆ, ಕಂಬದ ವೈರ್ ಮೀಟರ್ ದಾಟಿ ಚೇಂಜ್ ಓವರ್‌ನ ಒಂದು ಕಡೆಗೆ, ಜನರೇಟರ್ ಇನ್ನೊಂದು ಕಡೆಗೆ, ಮನೆಯ ಡಿಬಿಗೆ ಹೋಗೋದು ಮಧ್ಯದ ಟರ್ಮಿನಲ್ಲಿಂದ. ಹ್ಯಾಂಡಲ್ ಒಂದೇ, ಯಾವ್ದಾದ್ರೂ ಒಂದು ಕಡೆಗೆ ಮಾತ್ರ ಸೇರುತ್ತೆ, ಮರೆತ್ರೂ ಎರಡೂ ಒಟ್ಟಿಗೆ ಸೇರಲ್ಲ. ಫೇಸ್ ಜೊತೆ ನ್ಯೂಟ್ರಲ್ಲೂ ಕಟ್ ಆಗ್ಬೇಕು, ಸಿಂಗಲ್ ಫೇಸ್‌ಗೆ ಡಬಲ್ ಪೋಲ್ (ಎರಡು ವೈರ್ ಒಟ್ಟಿಗೆ ಕಟ್ ಮಾಡೋದು), ತ್ರೀ ಫೇಸ್‌ಗೆ ಫೋರ್ ಪೋಲ್. ಎಷ್ಟೋ ಮನೆ ಮೇನ್ ಎಂಸಿಬಿ ಸಿಂಗಲ್ ಪೋಲ್, ಇಳಿಸಿದ್ರೂ ನ್ಯೂಟ್ರಲ್ ಲೈನ್‌ಗೆ ಸೇರೇ ಇರುತ್ತೆ.

ದುಡ್ಡು ಕೊಡೋಕೆ ಮುಂಚೆ ಜನರೇಟರ್ ಓಡಿಸಿ ಹ್ಯಾಂಡಲ್ ಸೊನ್ನೆಗೆ ತನ್ನಿ, ಒಂದು ಬಲ್ಬ್ ಉರಿದ್ರೂ ಒಪ್ಕೋಬೇಡಿ. ಆಮೇಲೆ ಕರೆಂಟ್ ಇದ್ದಾಗ ಜನರೇಟರ್ ಪ್ಲಗ್ ಪಿನ್‌ಗೆ ಅವನ ಕೈಯಲ್ಲೇ ಟೆಸ್ಟರ್ ಇಡಿಸಿ, ನೀವು ಮುಟ್ಬೇಡಿ. ಎರಡೂ ಕಡೆ ಪ್ಲಗ್ ಇರೋ ವೈರ್ ಮಾಡಿ ಸಾಕೆಟ್‌ಗೆ ಚುಚ್ಚಿ ಅಂತ ಹೇಳೋರೂ ಇದಾರೆ, ಅಂಥೋರನ್ನ ಗೇಟ್ ಒಳಗೇ ಬಿಡ್ಬೇಡಿ. ಅಂಗಡಿ ಹುಡುಗ್ರು ಬೇಡ, ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಹತ್ರಾನೇ ಮಾಡ್ಸಿ. ಇನ್ನೊಂದು, ಇವ್ನು ಜನರೇಟರ್ ಇಟ್ಟಿದ್ದು ಅಮ್ಮನ ರೂಮ್ ಕಿಟಕಿ ಕೆಳಗೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸನೆ ಇಲ್ಲ, ಆ ಮಷೀನ್ ಎಳ್ಕೊಳ್ಳೋದೂ ರೂಮಿನ ಗಾಳೀನೇ. ಈಗ ಕಾಂಪೌಂಡ್ ಹತ್ರ ಬಯಲಿಗೆ ಇಟ್ಟಿದೀವಿ.

ಬೇರೆ ಕಾಂಟ್ರಾಕ್ಟರ್ ಕರ್ಸಿ ಎಲ್ಲಾ ಬಿಚ್ಚಿಸಿ ಹೊಸದಾಗಿ ಮಾಡ್ಸಿದೀನಿ, ಖಾಲಿ ಡಬ್ಬದ ಫೋಟೋ, ಟೇಪ್ ಸುತ್ತಿದ ಜಾಯಿಂಟ್ ಫೋಟೋ ಎಲ್ಲಾ ಇಟ್ಕೊಂಡಿದೀನಿ. ಅಂಗಡಿಯವ್ರು ನಿನ್ನೆ ಫೋನ್ ಮಾಡಿ ಒರಿಜಿನಲ್ ಬಿಲ್ ತಂದ್ಕೊಡಿ ನೋಡೋಣ ಅಂದ್ರು. ಒರಿಜಿನಲ್ ಕೊಡಲ್ಲ, ಜೆರಾಕ್ಸ್ ಕೊಡ್ತೀನಿ, ಈ ವಾರ ದುಡ್ಡು ವಾಪಸ್ ಬರ್ಲಿಲ್ಲ ಅಂದ್ರೆ ಒರಿಜಿನಲ್ ಹೋಗೋದು ಗ್ರಾಹಕರ ಆಯೋಗಕ್ಕೆ ಅಂತ ಹೇಳಿದೀನಿ.