ಎರಡು ವರ್ಷದ ಸೌಂಡ್‌ಬಾರ್: 14ಕ್ಕೆ ಕೇಳಿಸಲ್ಲ, 15ಕ್ಕೆ ಅಮ್ಮ ಬೈತಾರೆ

ಆರು ಸಾವಿರದೊಳಗೆ ಸಿಗುವ ಸೌಂಡ್‌ಬಾರ್ ಇದು, ಅಂದರೆ ಟಿವಿಗೆ ಜೋಡಿಸುವ ಉದ್ದನೆಯ ಸ್ಪೀಕರ್. ಕಂಪನಿ ಹೆಸರು ಬೇಡ ಬಿಡಿ. ಎಷ್ಟು ವ್ಯಾಟ್, ಯಾವ ಕೇಬಲ್ ಅನ್ನೋದೆಲ್ಲ ಡಬ್ಬದ ಮೇಲೇ ಇದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ ದಿನಾ ಸಂಜೆ ಓಡುತ್ತದೆ. ನನ್ನ ತಕರಾರೆಲ್ಲ ಇದ್ದದ್ದು ವಾಲ್ಯೂಮ್ ಬಗ್ಗೆ.

ಸಂಜೆ ಐದಕ್ಕೆ ಕಾಫಿ ಲೋಟ ಹಿಡಿದು ಸೋಫಾದಲ್ಲಿ ಟಿವಿಗೆ ಎದುರಾಗಿ ಕೂರುತ್ತೇನೆ. ಅಮ್ಮ ಪಕ್ಕದಲ್ಲೇ ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ಕೂರುತ್ತಾರೆ. ಒಂದು ದಿನ ಸೊಪ್ಪು, ಒಂದು ದಿನ ಬೆಳ್ಳುಳ್ಳಿ. ಡಿಸೆಂಬರ್ ಬಂತೆಂದರೆ ಅವರೆಕಾಯಿಯ ರಾಶಿ. ಸುಲಿದು, ನೆನೆಸಿ, ಆಮೇಲೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಪಾತ್ರೆಗೆ ಹಾರಿಸುತ್ತಾರೆ. ಅದನ್ನು ನೋಡುತ್ತಾ ಕೂತರೆ ಸಿನಿಮಾ ಮುಗಿದದ್ದೇ ಗೊತ್ತಾಗುವುದಿಲ್ಲ. ಆದರೆ ವಾಲ್ಯೂಮ್ 14ರಲ್ಲಿದ್ದರೆ ನನಗೆ ಮಾತು ಸಾಲದು. 15 ಮಾಡಿದ ಕೂಡಲೇ ಅಮ್ಮ, "ಕಮ್ಮಿ ಮಾಡೋ, ಕಿವಿಗೆ ಚುಚ್ಚುತ್ತೆ" ಅನ್ನುತ್ತಾರೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಿಗೆ ಜಾಸ್ತಿ ಕೇಳಿಸುತ್ತದೆ ಅಂದರೆ ಮೆಷಿನ್‌ದೇ ತಪ್ಪು ಅಲ್ವಾ? ಸರ್ವಿಸ್‌ನವರು ಬಂದರು, 350 ರೂಪಾಯಿ ತಗೊಂಡರು, "ಏನೂ ಪ್ರಾಬ್ಲಮ್ ಇಲ್ಲ ಸಾರ್" ಅಂದು ಹೋದರು. ಆಗಲೇ ಬರೆದಿದ್ದರೆ ಒಂದೇ ಸ್ಟಾರ್.

ಕಳೆದ ಜನವರಿಯಲ್ಲಿ ಕಾಳು ಹಿದುಕಲು ನಾನೂ ಕೂತೆ. ಅಮ್ಮನ ಜಾಗದಲ್ಲೇ, ಅವರ ಹಾಗೇ ಕಿಟಕಿ ಕಡೆ ಮುಖ ಮಾಡಿ. ಬಲಗಿವಿ ನೆಟ್ಟಗೆ ಸೌಂಡ್‌ಬಾರ್ ಕಡೆಗೆ. 15 ನನಗೂ ಚುಚ್ಚಿತು! ದೂರ ಹೆಚ್ಚುಕಮ್ಮಿ ಅಷ್ಟೇ. ತಿರುಗಿದ್ದು ತಲೆ ಮಾತ್ರ.

ಆಮೇಲೆ ಹುಡುಕಿ ಓದಿದೆ. 100 ಹರ್ಟ್ಸ್‌ನ ದಪ್ಪ ಸದ್ದಿನ ಅಲೆ ಮೂರು ಮೀಟರಿಗಿಂತ ಉದ್ದ. ಅದಕ್ಕೆ ನಮ್ಮ ತಲೆ ಲೆಕ್ಕಕ್ಕೇ ಇಲ್ಲ, ಬಳಸಿಕೊಂಡು ಹೋಗಿ ಎರಡೂ ಕಿವಿಗೆ ಸೇರುತ್ತದೆ. 5000 ಹರ್ಟ್ಸ್‌ನದು ಸುಮಾರು ಏಳೇ ಸೆಂಟಿಮೀಟರ್. ಅದಕ್ಕೆ ತಲೆ ಅಡ್ಡ ಬರುತ್ತದೆ. ಆಚೆ ಕಿವಿ ನೆರಳಿನಲ್ಲಿ ಉಳಿಯುತ್ತದೆ, ಈಚೆ ಕಿವಿಗೆ ಜಾಸ್ತಿ ಬೀಳುತ್ತದೆ. ಎರಡನ್ನೂ ಕೂಡಿಸಿ ನೋಡಿದರೂ ಪಕ್ಕದಿಂದ ಬಂದ ಸದ್ದೇ ಜೋರು ಅನ್ನಿಸಬಹುದು. ಮಾತಿನೊಳಗಿನ ಸ, ಶಗಳ ಹರಿತವೂ ಇಂಥ ಸಣ್ಣ ಅಲೆಗಳಲ್ಲೇ ಇದೆ. ಅಮ್ಮ "ಜೋರು" ಅನ್ನದೆ "ಚುಚ್ಚುತ್ತೆ" ಅಂದದ್ದು ಸುಮ್ನೆ ಅಲ್ಲ. ಪ್ರತಿಧ್ವನಿ ಇಲ್ಲದ ಲ್ಯಾಬ್ ಕೋಣೆಯಲ್ಲಿ ಪರೀಕ್ಷಿಸಿದಾಗ ದಿಕ್ಕು ಬದಲಾದದ್ದಕ್ಕೇ 10 ಡೆಸಿಬಲ್‌ವರೆಗೂ ವ್ಯತ್ಯಾಸ ಸಿಕ್ಕಿದೆಯಂತೆ. ಮನೆಯಲ್ಲಿ ಗೋಡೆಗಳು ಸದ್ದನ್ನು ಹರಡುತ್ತವೆ, ಅಷ್ಟು ಇರಲಾರದು.

"ಟಿವಿ ಕಡೆ ತಿರುಗಿ ಕೂತ್ಕೊಳಮ್ಮ" ಅಂದೆ. "ಬೆಳಕಿಲ್ಲದೆ ಹುಳ ಹೇಗೋ ಕಾಣುತ್ತೆ?" ಅಂದರು. ಸರಿ, ರಿಮೋಟಿನಲ್ಲಿ ಟ್ರೆಬಲ್, ಅಂದರೆ ಆ ಸಣ್ಣ ಅಲೆಗಳ ಸದ್ದಿನ ಮಟ್ಟ, ಎರಡು ಇಳಿಸಿದೆ. ಈಗ 15ಕ್ಕೂ ಬೈಗುಳ ಇಲ್ಲ. ಆದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಈ ಪುಣ್ಯಾತ್ಮ ಟ್ರೆಬಲ್ ಸೆಟ್ಟಿಂಗನ್ನು ಮರೆತುಬಿಡುತ್ತದೆ. ಅದು ಮಾತ್ರ ಕಂಪನಿಯದೇ ತಪ್ಪು. ಅದಕ್ಕೆ ನಾಲ್ಕು ಸ್ಟಾರಿನಲ್ಲಿ ಅರ್ಧ ಕಳೆದು ಮೂರೂವರೆ.

ರಾತ್ರಿ ಅಮ್ಮ ಮಲಗಿದ ಮೇಲೆ ಟ್ರೆಬಲ್ ಮತ್ತೆ ಮೇಲಕ್ಕೆ ತರುತ್ತೇನೆ. ವಾಲ್ಯೂಮ್ 8. ಕುರ್ಚಿಯನ್ನು ಅಡ್ಡಕ್ಕೆ ತಿರುಗಿಸಿ, ಎಡಗಿವಿಯನ್ನು ಬಾರ್ ಕಡೆ ಮಾಡಿ, ಚೌಡಯ್ಯನವರ ಏಳು ತಂತಿಯ ಪಿಟೀಲು ಹಾಕುತ್ತೇನೆ. ಕಮಾನು ತಂತಿಗೆ ತಾಗುವ ಕರಕರ ಕೂಡ ಕೇಳಿಸುತ್ತದೆ. ಪಕ್ಕದ ಕೋಣೆಯಿಂದ ಇನ್ನೂವರೆಗೆ ಯಾವ ತಕರಾರೂ ಬಂದಿಲ್ಲ.